ಹೈದರನ ಕುದುರೆ, ಹೈದರನ ಎತ್ತು

ಕಳೆದ ಸೆಮಿಸ್ಟರ್ ಪೂರ್ತಿ ನಮ್ಮ ಹಾಸ್ಟೆಲಿನಲ್ಲಿ ಒಂದೇ ಗೇಮ್, ರೆಡ್ ಡೆಡ್ ರಿಡೆಂಪ್ಷನ್. ನನ್ನ ರೂಮ್‌ಮೇಟ್ ರಾತ್ರಿ ಎರಡು ಗಂಟೆಯವರೆಗೆ ಅಮೆರಿಕದ ಹುಲ್ಲುಗಾವಲಿನಲ್ಲಿ ಕುದುರೆ ಓಡಿಸ್ತಾ ಇರ್ತಿದ್ದ. ಟೋಪಿ, ಹಗ್ಗ, ಸಾವಿರಗಟ್ಟಲೆ ದನ, ಮುಗಿಯದ ಬಯಲು. ನೋಡಿ ನೋಡಿ ನನಗೂ ಹುಚ್ಚು ಹಿಡಿಯಿತು. ಸ್ವಲ್ಪ ಓದಿದೆ. ಅಲ್ಲಿನ ಕೌಬಾಯ್‌ಗಳ ನಿಜವಾದ ಕಾಲ ತುಂಬಾ ಚಿಕ್ಕದು. 1860ರ ದಶಕದ ಕೊನೆಗೆ ಶುರು, ಇಪ್ಪತ್ತು ವರ್ಷದಲ್ಲಿ ಹೆಚ್ಚುಕಡಿಮೆ ಮುಗೀತು. 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕಿತು, ಬೇಲಿ ಬಿತ್ತು, ತೆರೆದ ಬಯಲು ಹೋಯಿತು.

ಇದನ್ನೆಲ್ಲ ರಜೆಯಲ್ಲಿ ಅಜ್ಜನಿಗೆ ಹೇಳಿದೆ. ನನ್ನ ಅಮ್ಮನ ತವರು ಚಳ್ಳಕೆರೆ ಕಡೆ. ಅಜ್ಜ ಕುರಿ ಸಾಕಿದವರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ದನ, ಕುದುರೆ, ಬಯಲು, ಬೇಲಿ ಎಲ್ಲ ನಮ್ಮ ಊರಲ್ಲೂ ಆಗಿಹೋದ ಕಥೆ ತಾನೇ ಅಂದರು. ನಮ್ಮ ಕಾವಲು ಯಾರದ್ದು ಗೊತ್ತಾ ಅಂತ ಕೇಳಿದರು. ಸರ್ಕಾರದ್ದು ಅಂದೆ. ಅದಕ್ಕೂ ಮುಂಚೆ ಯಾರದ್ದು ಅಂದರು. ಹತ್ತನೇ ಕ್ಲಾಸಿನವರೆಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿ ನೂರಕ್ಕೆ ತೊಂಬತ್ತೆಂಟು ತಗೊಂಡಿದ್ದ ನನಗೆ ಉತ್ತರ ಗೊತ್ತಿರಲಿಲ್ಲ. ಹಾಗೆ ಹುಡುಕಿಕೊಂಡು ಹೋದಾಗ ಸಿಕ್ಕಿದ ಮನುಷ್ಯ ಹೈದರ್ ಅಲಿ.

ಮಂಗಳೂರಿನಲ್ಲಿ ಇದ್ದುಕೊಂಡು ನಾವು ಮಗನ ಹೆಸರು ದಿನಾ ಹೇಳ್ತೇವೆ. ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ ಫೋಟೋ ತೆಗೆದು, ದೋಣಿ ಹತ್ತಿ ತಣ್ಣೀರುಬಾವಿ ಬೀಚಿಗೆ ಹೋಗದವರು ನಮ್ಮ ಕಾಲೇಜಿನಲ್ಲಿ ಯಾರುಂಟು? ಅಪ್ಪನ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ.

ಹೈದರ್ ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಈಗಿನ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಅಪ್ಪ ಫತೇ ಮುಹಮ್ಮದ್ ಶಿರಾದ ನವಾಬರ ಕಡೆ ಸೈನ್ಯದಲ್ಲಿದ್ದವನು. ಹುಡುಗ ಚಿಕ್ಕವನಿದ್ದಾಗಲೇ ಅಪ್ಪ ಯುದ್ಧದಲ್ಲಿ ಸತ್ತ. ಸಾಲ ಉಳಿಯಿತು. ಅಣ್ಣ ಶಹಬಾಜ್ ಮೈಸೂರಿನ ಸೈನ್ಯ ಸೇರಿದ, ತಮ್ಮನೂ ಅವನ ಹಿಂದೆ ಹೋದ. ಹೈದರನಿಗೆ ಓದು ಬರಹ ಬರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಸಹಿ ಹಾಕಲು ತನ್ನ ಹೆಸರಿನ ಮೊದಲ ಅಕ್ಷರ ಒಂದನ್ನು ಕಲಿತಿದ್ದನಂತೆ, ಅದನ್ನೂ ತಲೆಕೆಳಗಾಗಿ ಬರೆಯುತ್ತಿದ್ದನಂತೆ. ಆದರೆ ಲೆಕ್ಕ ಎಲ್ಲ ಬಾಯಲ್ಲಿ. ಒಂದೇ ಹೊತ್ತಿಗೆ ನಾಲ್ಕೈದು ಜನರ ವರದಿ ಕೇಳಿ, ಎಲ್ಲರಿಗೂ ಬೇರೆ ಬೇರೆ ಉತ್ತರ ಕೊಡುವ ತಲೆ ಅದು.

1749ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿತು. (ಹೌದು, ಈಗ ಏರ್‌ಪೋರ್ಟ್ ಇರುವ ದೇವನಹಳ್ಳಿಯೇ.) ಅಲ್ಲಿ ಇವನ ಧೈರ್ಯ ಮಂತ್ರಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. 50 ಕುದುರೆ ಸವಾರರು, 200 ಕಾಲಾಳುಗಳ ಮೇಲೆ ಅಧಿಕಾರ ಸಿಕ್ಕಿತು. ಅಲ್ಲಿಂದ ಅವನ ಏಣಿ ಶುರು.

ಆಗಿನ ಕುದುರೆ ಸೈನ್ಯ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಹೇಳಬೇಕು. ಶಿಲೇದಾರ ಅಂತ ಒಬ್ಬನಿರ್ತಾನೆ. ಕುದುರೆ ಅವನದ್ದೇ, ಆಯುಧ ಅವನದ್ದೇ, ತಿಂಗಳ ಸಂಬಳ ಮಾತ್ರ ರಾಜನದ್ದು. ಈಗಿನ ಫುಡ್ ಡೆಲಿವರಿ ಹುಡುಗರಿಗೆ ಬೈಕ್ ಸ್ವಂತದ್ದೇ ಆಗಿರಬೇಕಲ್ವಾ, ಹಾಗೆ. ಯುದ್ಧದಲ್ಲಿ ಕುದುರೆ ಸತ್ತರೆ ಅವನ ಬದುಕೇ ಮುಗೀತು. ಹಾಗಾಗಿ ಶಿಲೇದಾರ ನಿಜವಾದ ಗುಂಡಿನ ಎದುರು ಕುದುರೆ ನುಗ್ಗಿಸುವುದಕ್ಕೆ ಹತ್ತು ಸಲ ಯೋಚನೆ ಮಾಡ್ತಾನೆ. ಇನ್ನೊಂದು ರೀತಿಯಲ್ಲಿ ಕುದುರೆ ಒಡೆಯನದ್ದು, ಸವಾರ ಬರೀ ಸವಾರ. ಅವನಿಗೆ ಆ ಹೆದರಿಕೆ ಇಲ್ಲ. ಹೈದರನಿಗೆ ಇದು ಬೇಗ ಅರ್ಥವಾಯಿತು. ತಿರುಚಿನಾಪಳ್ಳಿಯ ಯುದ್ಧಗಳಲ್ಲಿ ಅವನ ಜನ ಸಿಕ್ಕಿದ್ದನ್ನೆಲ್ಲ ಹೊಡೆದುಕೊಂಡು ಬರುತ್ತಿದ್ದರು. ಅರ್ಧ ಹೈದರನಿಗೆ, ಅರ್ಧ ತಂದವನಿಗೆ. ಖಂಡೇರಾವ್ ಅನ್ನುವವನು ಇದಕ್ಕೆಲ್ಲ ಲೆಕ್ಕ ಬರೆಯುತ್ತಿದ್ದ. ಕುದುರೆ ಬಂತು, ಎತ್ತು ಬಂತು, ಹಸು ಬಂತು. 1755ರಲ್ಲಿ ದಿಂಡಿಗಲ್ಲಿಗೆ ಫೌಜುದಾರನಾಗಿ ಹೋಗುವಾಗ ಅವನ ಹತ್ತಿರ 1,500 ಸವಾರರಿದ್ದರು, ಅದರಲ್ಲಿ 500 ಕುದುರೆ ಅವನ ಸ್ವಂತದ್ದು.

ದಿಂಡಿಗಲ್ಲಿನ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. ಕರ್ನಲ್ ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸದಲ್ಲಿದೆ. ಒಂದು ಜಗಳದಲ್ಲಿ ಹೈದರನ 67 ಜನರಿಗೆ ಗಾಯವಾಯಿತು. ಗಾಯಾಳುಗಳಿಗೆ ಸರ್ಕಾರದಿಂದ ಪರಿಹಾರ ಉಂಟು. ಎಣಿಸಲು ರಾಜಧಾನಿಯಿಂದ ಅಧಿಕಾರಿ ಬಂದ. ಹೈದರ್ ಏನು ಮಾಡಿದ, 700 ಜನರ ಕೈಕಾಲಿಗೆ ಅರಿಶಿನ ಬಳಿದ ಬಟ್ಟೆ ಸುತ್ತಿಸಿ ಮಲಗಿಸಿದ. ಅಧಿಕಾರಿ ಎಣಿಸಿಕೊಂಡು ಹೋದ, ದುಡ್ಡು ಬಂತು. ಪ್ರಾಕ್ಸಿ ಅಟೆಂಡೆನ್ಸ್ ನಮ್ಮ ಬ್ಯಾಚಿನ ಆವಿಷ್ಕಾರ ಅಂದುಕೊಂಡವರು ಇದನ್ನು ಓದಬೇಕು.

1760 ಬಂತು. ಹೈದರ್ ಆಗಲೇ ಶ್ರೀರಂಗಪಟ್ಟಣದಲ್ಲಿ ಎಲ್ಲರಿಗಿಂತ ದೊಡ್ಡವನಾಗಿದ್ದ, ಅರಮನೆಗೆ ಅದು ಹಿಡಿಸಲಿಲ್ಲ. ಲೆಕ್ಕ ಬರೆಯುತ್ತಿದ್ದ ಅದೇ ಖಂಡೇರಾವ್ ಅರಮನೆಯ ಪಕ್ಷ ಸೇರಿ ಕೋಟೆಯಿಂದ ಇವನ ಮೇಲೆ ಫಿರಂಗಿ ತಿರುಗಿಸಿದ. ಸೈನ್ಯದ ಹೆಚ್ಚಿನ ಭಾಗ ದೂರದಲ್ಲಿತ್ತು. ಆಗಸ್ಟ್ ತಿಂಗಳು, ಕಾವೇರಿ ತುಂಬಿ ಹರಿಯುವ ಕಾಲ. ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು, ಕೆಲವೇ ಜನರ ಜೊತೆ ಹೈದರ್ ರಾತ್ರಿ ನದಿ ದಾಟಿ ಕುದುರೆ ಹತ್ತಿದ. ಇಪ್ಪತ್ತು ಗಂಟೆಯಲ್ಲಿ 98 ಮೈಲಿ, ಅಂದರೆ ಸುಮಾರು 158 ಕಿಲೋಮೀಟರ್ ಓಡಿ ಬೆಂಗಳೂರು ತಲುಪಿದ. ಅದರಲ್ಲಿ ಮೊದಲ 75 ಮೈಲಿ ಒಂದೇ ಕುದುರೆಯ ಮೇಲೆ. ಆ ಕುದುರೆಯ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಅದು ಆನೇಕಲ್ಲಿನ ಹತ್ತಿರ ಎಲ್ಲೋ ಕುಸಿದಿದ್ದರೆ ಮುಂದಿನ ನಲವತ್ತು ವರ್ಷದ ದಕ್ಷಿಣ ಭಾರತದ ಇತಿಹಾಸ ಪೂರ್ತಿ ಬೇರೆಯಾಗುತ್ತಿತ್ತು ಅಂತ ನನ್ನ ಅಭಿಪ್ರಾಯ.

ಮುಂದಿನ ವರ್ಷವೇ ವಾಪಸ್ ಬಂದು ರಾಜ್ಯ ಹಿಡಿದ. ಖಂಡೇರಾವ್ ಕಬ್ಬಿಣದ ಪಂಜರದೊಳಗೆ ಹಾಲು ಅನ್ನ ತಿಂದುಕೊಂಡು ಸತ್ತ. ಗಿಳಿಯ ಹಾಗೆ ನೋಡಿಕೊಳ್ಳುತ್ತೇನೆ ಅಂತ ಹೈದರ್ ಕೊಟ್ಟ ಮಾತನ್ನು ಅಕ್ಷರಶಃ ನಡೆಸಿಕೊಟ್ಟದ್ದು ಹೀಗೆ. ಒಡೆಯರನ್ನು ಸಿಂಹಾಸನದಿಂದ ಇಳಿಸಲಿಲ್ಲ. ದಸರಾ ದಿನ ದರ್ಶನ ಅವರದ್ದು, ಉಳಿದ 364 ದಿನ ಆಳ್ವಿಕೆ ಇವನದ್ದು.

1763ರಲ್ಲಿ ಕೆಳದಿ ನಾಯಕರ ಬಿದನೂರು ಬಿತ್ತು. ರಾಣಿ ವೀರಮ್ಮಾಜಿಯನ್ನು ಮಧುಗಿರಿಯಲ್ಲಿ ಸೆರೆಯಿಟ್ಟ. ಬಿದನೂರಿಗೆ ತನ್ನದೇ ಹೆಸರು ಸೇರಿಸಿ ಹೈದರನಗರ ಅಂತ ಕರೆದ, ಈಗಿನ ನಗರ ಅದೇ. ಬಿದನೂರಿನ ಜೊತೆಗೇ ಮಂಗಳೂರೂ ಅವನ ಕೈಗೆ ಬಂತು. ಘಟ್ಟದ ಮೇಲಿನ ರಾಜ್ಯಕ್ಕೆ ಸಮುದ್ರ ಸಿಕ್ಕಿತು.

ಸಮುದ್ರ ಯಾಕೆ ಬೇಕಿತ್ತು? ಹಲವು ಕಾರಣ. ಒಂದು ಕುದುರೆ. ನಮ್ಮ ದೇಶದ ಈ ಭಾಗದಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುವುದಿಲ್ಲ ಅನ್ನುವುದು ಹಳೆಯ ಸಮಸ್ಯೆ. ವಿಜಯನಗರದವರೂ ಭಟ್ಕಳದಂಥ ಬಂದರುಗಳಲ್ಲಿ ಅರಬ್ಬಿ ಕುದುರೆ ಇಳಿಸಿಕೊಳ್ಳುತ್ತಿದ್ದರು. ಹೈದರ್ ಕುದುರೆ ವ್ಯಾಪಾರಿಗಳನ್ನು ಹೇಗೆ ಓಲೈಸುತ್ತಿದ್ದ ಅನ್ನುವುದಕ್ಕೆ ಒಂದು ಕಥೆ ಹೇಳ್ತಾರೆ. ಮಾರಲು ತರುವ ಕುದುರೆ ಅವನ ರಾಜ್ಯದೊಳಗೆ ದಾರಿಯಲ್ಲಿ ಸತ್ತರೆ, ಅದರ ಬಾಲ ತಂದು ತೋರಿಸಿದರೆ ಸಾಕು, ಅರ್ಧ ಬೆಲೆ ಕೊಡುತ್ತಿದ್ದನಂತೆ. ಇನ್ಶೂರೆನ್ಸ್! ಕರಾವಳಿಯ ಈ ಬೆವರಿನಲ್ಲಿ ಕುದುರೆಗಳು ಹೇಗಿದ್ದವೋ ಪಾಪ. ನಾವೇ ಏಪ್ರಿಲ್‌ನಲ್ಲಿ ಲ್ಯಾಬಿನಲ್ಲಿ ಕೂರಲಾರೆವು. ಇಲ್ಲಿಯ ಮಣ್ಣಿಗೆ ಒಗ್ಗುವುದು ಕೋಣ, ಕಂಬಳ ನೋಡಿದ ಮೇಲೆ ನನಗೆ ಅದು ಗೊತ್ತಾಯಿತು.

ಮಂಗಳೂರಿನಲ್ಲಿ ಹಡಗು ಕಟ್ಟಿಸಿದ, ನೌಕಾಪಡೆ ಮಾಡಲು ನೋಡಿದ. ಅದು ಮಾತ್ರ ಅವನ ಕೈ ಹಿಡಿಯಲಿಲ್ಲ. 1768ರಲ್ಲಿ ಬೊಂಬಾಯಿಯಿಂದ ಬಂದ ಇಂಗ್ಲಿಷರು ಊರನ್ನೇ ಹಿಡಿದರು, ಹೈದರ್ ಮತ್ತು ಹದಿಹರೆಯದ ಟಿಪ್ಪು ಬಂದು ಅವರನ್ನು ಓಡಿಸಿದರು. 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್ ಬಂದು ಇದೇ ಬಂದರಿನ ಹತ್ತಿರ ಅವನ ಹಡಗುಗಳನ್ನು ನಾಶ ಮಾಡಿದ. ನೀರಿನ ಮೇಲೆ ಹೈದರ್ ಸೋತವನು. ಅವನು ಗೆದ್ದದ್ದೆಲ್ಲ ನಾಲ್ಕು ಕಾಲಿನ ಮೇಲೆ.

ಅದಕ್ಕೆ ಒಳ್ಳೆಯ ಉದಾಹರಣೆ 1769. ಇಂಗ್ಲಿಷರ ಜೊತೆ ಮೊದಲ ಯುದ್ಧ ಎರಡು ವರ್ಷದಿಂದ ನಡೀತಾ ಇತ್ತು. ಹೈದರ್ ತನ್ನ ಫಿರಂಗಿ, ಸಾಮಾನು, ಹೆಚ್ಚಿನ ಸೈನ್ಯವನ್ನು ಘಟ್ಟದ ಕಡೆಗೆ ವಾಪಸ್ ಕಳಿಸಿದ. ಇಂಗ್ಲಿಷರು ಅದರ ಮೇಲೆ ಕಣ್ಣಿಟ್ಟು ಕೂತರು. ಇವನು 6,000 ಸವಾರರನ್ನು ಆರಿಸಿಕೊಂಡು, ಒಂದೇ ಒಂದು ಫಿರಂಗಿ ಇಲ್ಲದೆ, 130 ಮೈಲಿಯನ್ನು ಮೂರೂವರೆ ದಿನದಲ್ಲಿ ದಾಟಿ ಮದ್ರಾಸಿನ ಬಾಗಿಲಿಗೆ ಬಂದು ನಿಂತ. ಕೋಟೆ ಒಡೆಯಲು ಅವನ ಹತ್ತಿರ ಏನೂ ಇರಲಿಲ್ಲ. ಆದರೆ ಕೋಟೆಯ ಹೊರಗೆ ಕಂಪನಿಯ ದೊರೆಗಳ ತೋಟದ ಮನೆಗಳಿದ್ದವು! ಏಪ್ರಿಲ್‌ನಲ್ಲಿ ಒಪ್ಪಂದ ಆಯಿತು. ಷರತ್ತುಗಳನ್ನು ಹೇಳಿದವನು ಹೈದರ್. ಯಾರಾದರೂ ಮೈಸೂರಿನ ಮೇಲೆ ಬಿದ್ದರೆ ಇಂಗ್ಲಿಷರು ಸಹಾಯಕ್ಕೆ ಬರಬೇಕು ಅನ್ನುವುದೂ ಅದರಲ್ಲಿತ್ತು. ಎರಡೇ ವರ್ಷದಲ್ಲಿ ಮರಾಠರು ಬಂದರು, ಮೇಲುಕೋಟೆಯ ಹತ್ತಿರ ಹೈದರ್ ಕೆಟ್ಟದಾಗಿ ಸೋತ, ಇಂಗ್ಲಿಷರು ಬರಲಿಲ್ಲ. ಆ ಸಿಟ್ಟು ಅವನಿಗೆ ಸಾಯುವವರೆಗೆ ಹೋಗಲಿಲ್ಲ.

ಈಗ ಎತ್ತಿನ ವಿಷಯ. ನಿಜ ಹೇಳಬೇಕೆಂದರೆ ನಾನು ಬರೆಯಲು ಕೂತದ್ದೇ ಇದಕ್ಕೆ.

ಕುದುರೆ ಮನುಷ್ಯನನ್ನು ಹೊರುತ್ತದೆ, ಸರಿ. ಆದರೆ ಫಿರಂಗಿಯನ್ನು ಎಳೆಯುವವರು ಯಾರು? ಮದ್ದುಗುಂಡು, ಅಕ್ಕಿ, ಡೇರೆ? ಎತ್ತು. ಆ ಕಾಲದ ಯುದ್ಧದ ಎಂಜಿನ್ ಅದು. ನಾವು ಮೆಕ್ಯಾನಿಕ್ಸ್‌ನಲ್ಲಿ ಟಾರ್ಕ್, ಪವರ್ ಅಂತ ಎಷ್ಟೆಲ್ಲ ಲೆಕ್ಕ ಮಾಡ್ತೇವೆ, ಒಂದು ಜೊತೆ ಎತ್ತು ಕೆಸರಿನಿಂದ ಫಿರಂಗಿ ಎಳೆಯುವುದನ್ನು ಯಾರೂ ಲೆಕ್ಕ ಕೊಡುವುದಿಲ್ಲ.

ಇದರ ಆರಂಭ ಹೈದರನದ್ದಲ್ಲ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಅಂತ ಒಂದು ಇಲಾಖೆ ಮಾಡಿದ್ದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಹಸುಗಳು, ಅವು ಮೇಯಲು ಅಲ್ಲಲ್ಲಿ ಬಿಟ್ಟ ಹುಲ್ಲುಗಾವಲುಗಳು. ಆ ಹುಲ್ಲುಗಾವಲಿಗೇ ಕಾವಲು ಅನ್ನುವುದು. ಹೈದರ್ ನೋಡಿದ್ದು ಬೆಣ್ಣೆಯನ್ನಲ್ಲ, ಹೋರಿ ಕರುಗಳನ್ನು. ಪಾಳೆಯಗಾರರನ್ನು ಸೋಲಿಸಿದಾಗಲೆಲ್ಲ ಅವರ ದನಗಳನ್ನೂ ಹಿಂಡಿಗೆ ಸೇರಿಸಿದ. ಹಳ್ಳಿಕಾರ್ ಇತ್ತು, ಹಾಗಲವಾಡಿಯ ದನ ಬಂತು, 1779ರಲ್ಲಿ ಮದಕರಿ ನಾಯಕನ ಚಿತ್ರದುರ್ಗ ಬಿದ್ದ ಮೇಲೆ ಅಲ್ಲಿಯದ್ದೂ ಬಂತು. (ಒನಕೆ ಓಬವ್ವ ಕಿಂಡಿಯ ಹತ್ತಿರ ನಿಂತು ಹೊಡೆದಳು ಅನ್ನುವ ಕಥೆಯ ಸೈನಿಕರು ಇದೇ ಹೈದರನವರು. ನಮ್ಮ ಅಮ್ಮನ ಕಡೆಯವರಿಗೆ ಈ ಕಥೆಯಲ್ಲಿ ಹೈದರ್ ವಿಲನ್, ಅದನ್ನು ಬದಲಾಯಿಸಲು ನಾನು ಹೋಗುವುದಿಲ್ಲ.) ಎಲ್ಲ ಸೇರಿ 60,000 ಎತ್ತುಗಳಿದ್ದವು ಅಂತ ಮೈಸೂರು ಗ್ಯಾಜೆಟಿಯರ್ ಹೇಳುತ್ತದೆ.

ಸಾಕುತ್ತಿದ್ದ ಕ್ರಮ ಕೇಳಿದರೆ ಕೌಬಾಯ್ ಸಿನಿಮಾ ನೆನಪಾಗುತ್ತದೆ. ಈ ದನಗಳು ಕೊಟ್ಟಿಗೆ ಕಂಡವಲ್ಲ. ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಕೆರೆಯಂಗಳ ಮತ್ತು ಮರದ ನೆರಳಿರುವ ಇನ್ನೊಂದು. ವರ್ಷವಿಡೀ ನಡೆಯುತ್ತಲೇ ಇರಬೇಕು. ಹಾಲನ್ನು ಹೆಚ್ಚಾಗಿ ಕರುವಿಗೇ ಬಿಡುತ್ತಿದ್ದರು. ಹೀಗೆ ಬೆಳೆದ ದನ ಅರ್ಧ ಕಾಡುಪ್ರಾಣಿ. ಉದ್ದದ ಚೂಪು ಕೊಂಬು, ಕಿರಿದಾದ ಮುಖ, ಕಲ್ಲಿನಂಥ ಗೊರಸು. ಅಪರಿಚಿತರು ಹತ್ತಿರ ಹೋದರೆ ಹಾಯುತ್ತದೆ. ಪಳಗಿಸುವ ಕಾಲ ಬಂದಾಗ ಮುಳ್ಳುಬೇಲಿಯ ದೊಡ್ಡ ದೊಡ್ಡಿಗೆ ಹಿಂಡನ್ನು ಅಟ್ಟಿ, ಅಲ್ಲಿಂದ ಇಕ್ಕಟ್ಟಾದ ದಾರಿಯಲ್ಲಿ ಚಿಕ್ಕ ದೊಡ್ಡಿಗೆ ನೂಕಿ, ಕೊಂಬಿಗೆ ಹಗ್ಗ ಹಾಕಿ ಕಂಬಕ್ಕೆ ಕಟ್ಟುತ್ತಿದ್ದರು. ಆಮೇಲೆ ಪಳಗಿದ ಎತ್ತಿನ ಜೊತೆ ಜೋಡಿ. ಟೆಕ್ಸಾಸಿನಲ್ಲಿ ಕೌಬಾಯ್ ಅನ್ನುವ ಹೆಸರು ಜಗತ್ತಿಗೆ ಗೊತ್ತಾಗುವ ನೂರು ವರ್ಷ ಮೊದಲು ನಮ್ಮ ಗೊಲ್ಲರು ಈ ಕೆಲಸ ಮಾಡುತ್ತಿದ್ದರು, ಟೋಪಿ ಇರಲಿಲ್ಲ ಅಷ್ಟೆ. ಕಂಬಳಿ ಇತ್ತು.

ವೇಗ ನೋಡಿ. ಅಮೆರಿಕದಲ್ಲಿ ದನ ಹೊಡೆದುಕೊಂಡು ಹೋಗುವಾಗ ದಿನಕ್ಕೆ 20-25 ಕಿಲೋಮೀಟರ್ ಸಾಕು ಅನ್ನುತ್ತಿದ್ದರು, ಜಾಸ್ತಿ ನಡೆದರೆ ತೂಕ ಇಳಿಯುತ್ತದೆ, ಮಾಂಸಕ್ಕೆ ಬೆಲೆ ಇಲ್ಲ. ಹೈದರನ ಎತ್ತುಗಳು 1781ರಲ್ಲಿ ಚಿದಂಬರಂ ಉಳಿಸಿಕೊಳ್ಳಲು ಎರಡೂವರೆ ದಿನದಲ್ಲಿ 100 ಮೈಲಿ ಹೋದವು. ದಿನಕ್ಕೆ 64 ಕಿಲೋಮೀಟರ್, ಹಿಂದೆ ಸಾಮಾನು ಕಟ್ಟಿಕೊಂಡು.

ಆ ಕೊನೆಯ ಯುದ್ಧ 1780ರಲ್ಲಿ ಶುರುವಾಯಿತು. 80,000ಕ್ಕೂ ಹೆಚ್ಚು ಸೈನ್ಯ ಘಟ್ಟ ಇಳಿಯಿತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾಯಿತು. ರಾಕೆಟ್ಟುಗಳ ಕಥೆ ಎಲ್ಲರಿಗೂ ಗೊತ್ತು, ಅದನ್ನು ನಮ್ಮ ಟೆಕ್ ಫೆಸ್ಟಿನಲ್ಲಿ ಪ್ರತಿ ವರ್ಷ ಯಾರಾದರೂ ಪಿಪಿಟಿ ಮಾಡ್ತಾರೆ. ಪಿಪಿಟಿಯಲ್ಲಿ ಬಾರದ್ದು ಇನ್ನೊಂದುಂಟು. ಮದ್ರಾಸಿನ ಸುತ್ತಲಿನ ಸೀಮೆಯಲ್ಲಿ ಶತ್ರುವಿಗೆ ಏನೂ ಸಿಗಬಾರದು ಅಂತ ಹೈದರ್ ಹಳ್ಳಿಗಳನ್ನು ಸುಡಿಸಿದ, ಬೆಳೆ ಸುಡಿಸಿದ, ದನಗಳನ್ನು ಹೊಡೆದುಕೊಂಡು ಹೋದ. ಇಂಗ್ಲಿಷ್ ಸೈನ್ಯಕ್ಕೆ ಎತ್ತು ಸಿಗಲಿಲ್ಲ ನಿಜ. ಆ ರೈತರಿಗೂ ಸಿಗಲಿಲ್ಲ. ಅವನ 60,000ದ ಲೆಕ್ಕದಲ್ಲಿ ಯಾರ ಯಾರ ಕೊಟ್ಟಿಗೆ ಖಾಲಿಯಾಗಿತ್ತೋ. ಇದನ್ನು ಬಿಟ್ಟು ಹೈದರನನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

1781ರ ಜುಲೈ 1ರಂದು ಪೋರ್ಟೊನೋವೊದಲ್ಲಿ ಜನರಲ್ ಕೂಟ್ ಎದುರು ಹೈದರ್ ಸೋತ. ಎತ್ತರದ ಜಾಗದಲ್ಲಿ ಕೂತು ಯುದ್ಧ ನೋಡುತ್ತಿದ್ದವನು, ಸೋಲು ಖಚಿತವಾದರೂ ಏಳಲೇ ಇಲ್ಲ. ಶತ್ರು ಹತ್ತಿರ ಬಂದ, ಯಾರಿಗೂ ಹೇಳುವ ಧೈರ್ಯವಿಲ್ಲ. ಕೊನೆಗೆ ಹಳೆಯ ಕುದುರೆ ಚಾಕರಿಯವನೊಬ್ಬ ಬಂದು, ಅವನ ಕಾಲು ಎತ್ತಿ ಚಪ್ಪಲಿ ತೊಡಿಸಿ, ನಾಳೆ ನೋಡಿಕೊಳ್ಳೋಣ ಈಗ ಕುದುರೆ ಹತ್ತಿ ಅಂತ ಹತ್ತಿಸಿದನಂತೆ. ಹೈದರ್ ತಪ್ಪಿಸಿಕೊಂಡ. ಅವನ ಫಿರಂಗಿಗಳೂ ತಪ್ಪಿಸಿಕೊಂಡವು, ಎತ್ತುಗಳು ಶತ್ರುವಿನ ಕಣ್ಣೆದುರೇ ಎಳೆದುಕೊಂಡು ಹೋದವು. ಗೆದ್ದ ಕೂಟ್ ಅಟ್ಟಿಸಿಕೊಂಡು ಹೋಗಲಾಗದೆ ನಿಂತ. ಅವನಿಗೆ ಸಾಕಷ್ಟು ಕುದುರೆಯೂ ಇರಲಿಲ್ಲ, ಎತ್ತೂ ಇರಲಿಲ್ಲ.

ಮರುವರ್ಷ ಹೈದರನ ಬೆನ್ನಿನಲ್ಲಿ ಹುಣ್ಣಾಯಿತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ನರಸಿಂಗರಾಯನಪೇಟೆಯ ಬಿಡಾರದಲ್ಲಿ ಸತ್ತ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸುದ್ದಿ ಗೊತ್ತಾದರೆ ಸೈನ್ಯ ಒಡೆಯುತ್ತದೆ ಅಂತ ಮಂತ್ರಿಗಳು ಮುಚ್ಚಿಟ್ಟರು. ಹೆಣವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲಿನ ಜೊತೆ ಕೋಲಾರಕ್ಕೆ ಕಳಿಸಿದರು. ಬಿಡಾರದಲ್ಲಿ ಎಲ್ಲ ಎಂದಿನಂತೆ ನಡೆಯಿತು. ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಮಣ್ಣು ಮಾಡಿದರು.

ಟಿಪ್ಪು ಬೆಣ್ಣೆ ಚಾವಡಿಗೆ ಅಮೃತಮಹಲ್ ಅಂತ ಹೆಸರಿಟ್ಟ, ಕುಣಿಗಲ್ಲಿನಲ್ಲಿ ಕುದುರೆ ಫಾರ್ಮ್ ಮಾಡಿದ. ಮಂಗಳೂರಿನ ಕ್ರೈಸ್ತರನ್ನು 1784ರಲ್ಲಿ ಸೆರೆಹಿಡಿದು ಘಟ್ಟ ಹತ್ತಿಸಿದ್ದೂ ಅವನೇ. ನನ್ನ ಕ್ಲಾಸಿನಲ್ಲಿರುವ ಕೆಲವರ ಮನೆಗಳಲ್ಲಿ ಅದು ಇನ್ನೂ ಇತಿಹಾಸವಾಗಿಲ್ಲ. ಆದರೆ ಅದು ಮಗನ ಕಥೆ, ಇನ್ನೊಬ್ಬರು ಬರೆಯಲಿ.

ದನಗಳ ಕಥೆ ಮುಂದುವರಿಯಿತು. 1799ರಲ್ಲಿ ಹಿಂಡು ಇಂಗ್ಲಿಷರ ಕೈಗೆ ಹೋಯಿತು. ಮುಂದೆ ವೆಲ್ಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಇದೇ ಎತ್ತುಗಳಿಂದ ಮರಾಠರ ಮೇಲೆ ಯುದ್ಧ ಮಾಡಿದ. 1860ರಲ್ಲಿ ಖರ್ಚು ಜಾಸ್ತಿ ಅಂತ ಸರ್ಕಾರ ಹಿಂಡನ್ನೇ ಮಾರಿಬಿಟ್ಟಿತು, ಒಳ್ಳೊಳ್ಳೆಯ ದನ ಈಜಿಪ್ಟಿನ ಪಾಷಾ ಪಾಲಾಯಿತು. ಆರು ವರ್ಷದಲ್ಲಿ ತಪ್ಪು ಗೊತ್ತಾಗಿ ಮತ್ತೆ ಕೂಡಿಸಿದರು. ಈಗಲೂ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆ. ಆದರೆ ಟ್ರಾಕ್ಟರ್ ಬಂದ ಮೇಲೆ ಅರವತ್ತು ಕಿಲೋಮೀಟರ್ ಓಡುವ ಎತ್ತು ಯಾರಿಗೆ ಬೇಕು?

ಲಕ್ಷಗಟ್ಟಲೆ ಎಕರೆ ಇದ್ದ ಕಾವಲು ತುಂಡು ತುಂಡಾಯಿತು. ನಮ್ಮ ಚಳ್ಳಕೆರೆ ಕಡೆ ಸುಮಾರು 10,000 ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಶೋಧನೆಗೆ ಹೋಯಿತು. ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು, 2014ರಲ್ಲಿ ತೀರ್ಪು ಬಂತು, ಕೆಲಸ ನಡೆಯಿತು. ಈಗ ಉದ್ದಕ್ಕೂ ಗೋಡೆ. ಕುರಿ, ದನ, ಕೃಷ್ಣಮೃಗ ಮೂರೂ ಗೋಡೆ ಸುತ್ತಿ ಹೋಗಬೇಕು. ಅಜ್ಜನ ಕುರಿ ನೂರಿಪ್ಪತ್ತರಿಂದ ಮೂವತ್ತಕ್ಕೆ ಇಳಿಯಿತು.

ಮುಜುಗರ ಏನೆಂದರೆ, ನಾನು ಗೇಟ್ ಬರೆದು ಸೇರಬೇಕು ಅಂತ ಕನಸು ಕಾಣುವುದು ಅಂಥದ್ದೇ ಗೋಡೆಯ ಒಳಗಿನ ಕೆಲಸಕ್ಕೆ. ಫಸ್ಟ್ ಇಯರ್‌ನಿಂದ ಅದೇ ಆಸೆ, ಈಗಲೂ ಹೋಗಿಲ್ಲ. ಕಳೆದ ರಜೆಯಲ್ಲಿ ಅಜ್ಜನ ಜೊತೆ ಆ ಗೋಡೆಯ ಪಕ್ಕ ಕುರಿ ಹೊಡೆದುಕೊಂಡು ಹೋಗುತ್ತಾ ಹೈದರ್ ಕಥೆ ಪೂರ್ತಿ ಹೇಳಿದೆ. ಮದ್ರಾಸಿನ ಓಟ ಅವರಿಗೆ ಇಷ್ಟವಾಯಿತು. ಅರವತ್ತು ಸಾವಿರ ಎತ್ತು ಅಂದಾಗ ಮಾತ್ರ ನಿಂತರು. ಅಷ್ಟಕ್ಕೂ ನೀರು ಎಲ್ಲಿ ಕುಡಿಸುತ್ತಿದ್ದರು ಅಂತ ಕೇಳಿದರು. ಬೇಸಿಗೆಯ ಕಾವಲಿನಲ್ಲಿ ಕೆರೆ ಇರ್ತಿತ್ತಂತೆ ಅಂದೆ. ಕೆರೆ ಗೋಡೆಯ ಆಚೆ ಇತ್ತು. ಅಜ್ಜ ಆ ಕಡೆ ಒಮ್ಮೆ ನೋಡಿ, ಕುರಿಗಳನ್ನು ರಸ್ತೆಯ ಕಡೆಗೆ ತಿರುಗಿಸಿದರು.